ಪುರುಷರ ಜನನೇಂದ್ರಿಯದ ಸಾಮಾನ್ಯ ಕಾಯಿಲೆಗಳು: ದಂಪತಿಗಳು ತಿಳಿದಿರಬೇಕಾದ ವಿಷಯಗಳು

ಜ್ವರ ಬಂದರೆ ಅಥವಾ ಕೈಗೆ ಕತ್ತಿ ತಗುಲಿದರೆ ಪುರುಷನು ಕೂಡಲೇ ವೈದ್ಯರಲ್ಲಿಗೆ ಹೋಗುತ್ತಾನೆ. ಜನನೇಂದ್ರಿಯದಲ್ಲಿ ತುರಿಕೆ, ಬಾವು ಅಥವಾ ನೋವು ಕಾಣಿಸಿಕೊಂಡರೆ ಮಾತ್ರ ಪತ್ನಿಗೂ ತಿಳಿಸದೆ ತಿಂಗಳುಗಟ್ಟಲೆ ಮುಚ್ಚಿಡುತ್ತಾನೆ. ಈ ಕಾಯಿಲೆಗಳಲ್ಲಿ ಬಹುಪಾಲು ಸುಲಭವಾಗಿ ಗುಣವಾಗತಕ್ಕವು. ಆದರೆ ಕೆಲವಕ್ಕೆ ಕೆಲವೇ ಗಂಟೆಗಳೊಳಗೆ ಚಿಕಿತ್ಸೆ ದೊರೆಯಬೇಕು. ಇವುಗಳ ವ್ಯತ್ಯಾಸವನ್ನು ಪತಿ ಪತ್ನಿಯರಿಬ್ಬರೂ ಅರಿತಿರುವುದು ಅವಶ್ಯಕ.

1. ತೊಡೆಸಂದಿನ ತುರಿಕೆ

ಕೊಡಗಿನ ಮಳೆಗಾಲದಲ್ಲಿ ಕಾಫಿ ತೋಟ ಮತ್ತು ಗದ್ದೆಗಳಲ್ಲಿ ದುಡಿಯುವವರು ದಿನವಿಡೀ ಒದ್ದೆ ಬಟ್ಟೆಯಲ್ಲಿರುತ್ತಾರೆ. ಒಗೆದ ಒಳ ಉಡುಪುಗಳೂ ಬೇಗನೆ ಒಣಗುವುದಿಲ್ಲ. ಈ ತೇವದಲ್ಲಿ ಶಿಲೀಂಧ್ರವು ಬೆಳೆದು, ತೊಡೆಸಂದಿನಲ್ಲಿ ಉಂಗುರದಂತೆ ಹರಡುವ ತುರಿಕೆಯನ್ನು ಉಂಟುಮಾಡುತ್ತದೆ. ಇದೇ ಗಜಕರ್ಣ. ಸ್ನಾನದ ಅನಂತರ ಆ ಭಾಗವನ್ನು ಚೆನ್ನಾಗಿ ಒರೆಸಿಕೊಂಡು, ಪೂರ್ತಿ ಒಣಗಿದ ಸಡಿಲವಾದ ಹತ್ತಿಯ ಉಡುಪನ್ನು ಧರಿಸಬೇಕು. ಒಬ್ಬರ ಟವೆಲನ್ನು ಮತ್ತೊಬ್ಬರು ಬಳಸಬಾರದು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ತುರಿಕೆಯನ್ನು ಅಡಗಿಸಿ, ಅನಂತರ ರೋಗವನ್ನು ಹರಡುತ್ತದೆ. ವೈದ್ಯರು ಕೊಟ್ಟ ಔಷಧವನ್ನು ಅವರು ಹೇಳಿದಷ್ಟು ವಾರ ಉಪಯೋಗಿಸತಕ್ಕದ್ದು. ಮನೆಯಲ್ಲಿ ಇತರರಿಗೂ ತುರಿಕೆಯಿದ್ದರೆ ಎಲ್ಲರೂ ಏಕಕಾಲದಲ್ಲಿ ಚಿಕಿತ್ಸೆ ಪಡೆಯಬೇಕು.

2. ಮುಂದೊಗಲಿನ ಉರಿ

ಶಿಶ್ನದ ಮುಂದೊಗಲಿನ ಒಳಗೆ ಕೊಳೆ ನಿಂತರೆ ಚರ್ಮ ಕೆಂಪಾಗಿ ಉರಿಯುತ್ತದೆ. ಪ್ರತಿದಿನ ಮುಂದೊಗಲನ್ನು ಮೃದುವಾಗಿ ಹಿಂದಕ್ಕೆ ಸರಿಸಿ, ನೀರಿನಿಂದ ತೊಳೆದು, ಮತ್ತೆ ಮುಂದಕ್ಕೆ ತರಬೇಕು. ಅದು ಮುಂದಕ್ಕೆ ಬಾರದೆ ಬಾತುಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಯಸ್ಕರಲ್ಲಿ ಈ ಉರಿ ಪದೇ ಪದೇ ಬಂದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸತಕ್ಕದ್ದು. ಮಧುಮೇಹದ ಮೊದಲ ಸುಳಿವು ಎಷ್ಟೋ ವೇಳೆ ಇದೇ ಆಗಿರುತ್ತದೆ. ಎಳೆಯ ಮಕ್ಕಳಲ್ಲಿ ಮುಂದೊಗಲು ಅಂಟಿಕೊಂಡಿರುವುದು ಸಹಜ. ಅದನ್ನು ಬಲವಂತವಾಗಿ ಎಳೆಯಬಾರದು.

3. ವೃಷಣಚೀಲದ ಬಾವು

ವೃಷಣದ ಸುತ್ತ ನೀರು ತುಂಬಿ, ನೋವಿಲ್ಲದೆ ನಿಧಾನವಾಗಿ ದೊಡ್ಡದಾಗುವ ಬಾವು ಹೈಡ್ರೋಸೀಲ್. ಸೊಳ್ಳೆಯಿಂದ ಹರಡುವ ಆನೆಕಾಲು ರೋಗವೂ ಇದಕ್ಕೆ ಒಂದು ಕಾರಣ. ಆ ರೋಗವಿರುವ ಊರುಗಳಿಂದ ಕೆಲಸಕ್ಕೆ ಬಂದವರು ಈ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಕೆಮ್ಮಿದಾಗ ಅಥವಾ ಮೂಟೆ ಎತ್ತಿದಾಗ ಉಬ್ಬಿ, ಮಲಗಿದಾಗ ಒಳಸೇರುವ ಬಾವು ಅಂಡವಾಯು. ಇಲ್ಲಿ ಕರುಳೇ ಕೆಳಗಿಳಿದಿರುತ್ತದೆ. ದೊಡ್ಡವರಲ್ಲಿ ಈ ಎರಡನ್ನೂ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಬಹುದು. ಅಂಡವಾಯು ಒಳಸೇರದೆ ಗಟ್ಟಿಯಾಗಿ, ನೋವು ವಾಂತಿ ಆರಂಭವಾದರೆ ಪ್ರಾಣಕ್ಕೆ ಅಪಾಯವುಂಟು. ವೃಷಣದಲ್ಲಿಯೇ ನೋವಿಲ್ಲದ ಗಟ್ಟಿ ಗಂಟು ಕಂಡರೆ ಅದು ಕ್ಯಾನ್ಸರ್ ಆಗಿರಬಹುದು. ಬೇಗ ಪತ್ತೆಯಾದರೆ ಬಹುತೇಕ ಗುಣವಾಗುತ್ತದೆ.

ಗಂಡು ಶಿಶುವನ್ನು ಸ್ನಾನ ಮಾಡಿಸುವಾಗ ಎರಡೂ ವೃಷಣಗಳು ಚೀಲದೊಳಗೆ ಇವೆಯೇ ಎಂದು ತಾಯಿ ಗಮನಿಸಲಿ. 6 ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಉಪೇಕ್ಷಿಸಿದರೆ ಮುಂದೆ ಸಂತಾನಶಕ್ತಿಗೆ ಕುಂದುಂಟಾಗಬಹುದು.

4. ಹಠಾತ್ತಾದ ವೃಷಣದ ನೋವು

ತೋಟವೊಂದರ ಲೈನ್‌ಮನೆಯಿಂದ 14 ವರ್ಷದ ಬಾಲಕನನ್ನು ನನ್ನ ಬಳಿಗೆ ಕರೆತಂದಿದ್ದರು. ಹಿಂದಿನ ರಾತ್ರಿ ಮಲಗಿದ್ದಾಗ ಒಂದು ಬದಿಯ ವೃಷಣದಲ್ಲಿ ತೀವ್ರ ನೋವು ಆರಂಭವಾಗಿ, ವಾಂತಿಯೂ ಆಗಿತ್ತು. ಬಾಲಕ ನಾಚಿಕೆಯಿಂದ ಹೊಟ್ಟೆನೋವೆಂದಷ್ಟೇ ಹೇಳಿದ್ದನು. ಮರುದಿನ ಸಂಜೆ ನಿಜ ತಿಳಿದಾಗ ತಂದೆ ತಾಯಿಗಳು ಉಳುಕೆಂದು ಭಾವಿಸಿ ಎಣ್ಣೆ ತಿಕ್ಕಿದ್ದರು. ವಾಸ್ತವವಾಗಿ ವೃಷಣವು ತನ್ನ ನಾಳದ ಮೇಲೆ ತಿರುಚಿಕೊಂಡು ರಕ್ತಸಂಚಾರ ನಿಂತಿತ್ತು. ಸುಮಾರು 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಇಂಥ ವೃಷಣವನ್ನು ಬಹುತೇಕ ಉಳಿಸಬಹುದು. ಆ ಬಾಲಕನ ಒಂದು ವೃಷಣವನ್ನು ತೆಗೆಯಬೇಕಾಯಿತು.

ಆದುದರಿಂದ ಇಂಥ ನೋವು ಬಂದಾಗ ಬೆಳಗಾಗಲೆಂದು ಕಾಯಬಾರದು, ತಿಕ್ಕಬಾರದು. 108ಕ್ಕೆ ಕರೆಮಾಡಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಪ್ರಯಾಣಕ್ಕೇ ಗಂಟೆಗಳು ಹಿಡಿಯುವುದರಿಂದ ಒಂದೊಂದು ನಿಮಿಷವೂ ಅಮೂಲ್ಯ. ನೋವಾದರೆ ಕೂಡಲೇ ಹೇಳಬೇಕೆಂದು ಗಂಡುಮಕ್ಕಳಿಗೆ ಮುಂಚಿತವಾಗಿಯೇ ತಿಳಿಸಿರಿ.

5. ಇಬ್ಬರಿಗೂ ಚಿಕಿತ್ಸೆ

ಮೂತ್ರದ್ವಾರದಿಂದ ಕೀವು, ಉರಿಮೂತ್ರ ಅಥವಾ ಶಿಶ್ನದ ಮೇಲೆ ಹುಣ್ಣು ಕಂಡುಬಂದರೆ ಅದು ಸಂಭೋಗದಿಂದ ಹರಡುವ ಸೋಂಕಾಗಿರಬಹುದು. ಪತಿಯೊಬ್ಬನೇ ಔಷಧ ಸೇವಿಸಿದರೆ ರೋಗವು ಪತ್ನಿಯಲ್ಲಿ ಉಳಿದು ಮತ್ತೆ ಅವನಿಗೆ ಬರುತ್ತದೆ. ಅವಳಲ್ಲಿ ಗರ್ಭನಾಳಗಳು ಮುಚ್ಚಿ ಬಂಜೆತನ ಉಂಟಾಗಬಹುದು. ಆದ್ದರಿಂದ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಗುಣವಾಗುವವರೆಗೆ ಸಂಭೋಗವನ್ನು ವರ್ಜಿಸತಕ್ಕದ್ದು. ಗೋಡೆಯ ಜಾಹೀರಾತು ನೋಡಿ, ವಸತಿಗೃಹದಲ್ಲಿ ಬೀಡುಬಿಟ್ಟ ನಕಲಿ ವೈದ್ಯರಿಗೆ ಹಣ ತೆರಬೇಡಿರಿ.

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ವಿಷಯಗಳನ್ನು ಮುಕ್ತವಾಗಿ ಕೇಳಬಹುದು. ನೀವು ಹೇಳಿದ್ದನ್ನು ವೈದ್ಯರು ಗುಟ್ಟಾಗಿಡುತ್ತಾರೆ. ಅಗತ್ಯಬಿದ್ದರೆ ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಅಥವಾ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿಕೊಡುತ್ತಾರೆ. ಪತಿಯು ಸಂಕೋಚಪಟ್ಟರೆ ಪತ್ನಿಯು ಧೈರ್ಯ ಹೇಳಿ ಜೊತೆಯಲ್ಲಿ ಬರಲಿ. ಕುಟುಂಬದ ಕ್ಷೇಮದಲ್ಲಿ ಪುರುಷನ ಆರೋಗ್ಯವೂ ಸೇರಿದೆ.