ವ್ಯಾಯಾಮ, ವಿರಾಮ ಮತ್ತು ದೇಹತೂಕ

ದೇಹತೂಕವನ್ನು ಇಳಿಸಿಕೊಳ್ಳಬೇಕೆಂದು ನಿಶ್ಚಯಿಸಿದವರಲ್ಲಿ ಬಹುಮಂದಿ ಮೊದಲ ವಾರದಲ್ಲಿಯೇ ಅತಿಯಾದ ಉತ್ಸಾಹವನ್ನು ತೋರುತ್ತಾರೆ. ಬೆಳಗಿನ ಜಾವ ಎದ್ದು ಒಂದೂವರೆ ಗಂಟೆ ನಡೆಯುವುದು, ರಾತ್ರಿಯ ಊಟವನ್ನು ಬಿಡುವುದು, ದಿನಕ್ಕೆ ಮೂರು ಬಾರಿ ತೂಕದ ಯಂತ್ರದ ಮೇಲೆ ನಿಲ್ಲುವುದು, ಇವೆಲ್ಲವೂ ಏಕಕಾಲಕ್ಕೆ ಆರಂಭವಾಗುತ್ತವೆ. ಮೂರನೆಯ ವಾರದ ಹೊತ್ತಿಗೆ ಕಾಲುನೋವು, ಆಯಾಸ, ಬೇಸರಗಳು ಸೇರಿಕೊಂಡು ಎಲ್ಲವೂ ನಿಂತುಹೋಗುತ್ತದೆ. ಹೀಗಾದಾಗ ತಮ್ಮಲ್ಲಿ ಮನೋದಾರ್ಢ್ಯವಿಲ್ಲವೆಂದು ತಮ್ಮನ್ನು ತಾವೇ ಹಳಿದುಕೊಳ್ಳುವವರು ಅನೇಕರು. ಆದರೆ ಹಲವು ಸಂದರ್ಭಗಳಲ್ಲಿ ತಪ್ಪು ಇರುವುದು ಮನಸ್ಸಿನಲ್ಲಲ್ಲ. ವ್ಯಾಯಾಮದ ದಿನಗಳನ್ನು ಗೊತ್ತುಮಾಡಿಕೊಂಡ ರೀತಿಯಲ್ಲಿ, ಮತ್ತು ವಿಶ್ರಾಂತಿಯನ್ನು ಸೋಮಾರಿತನವೆಂದು ಭಾವಿಸಿದ್ದರಲ್ಲಿ.

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಪ್ರತಿ 10 ಮಹಿಳೆಯರಲ್ಲಿ ಸುಮಾರು 3 ಮಂದಿ ಅಧಿಕ ತೂಕದವರು. ಪುರುಷರಲ್ಲಿಯೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಅದೇ ಸಮೀಕ್ಷೆಯು ಅದೇ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದನ್ನೂ ತೋರಿಸಿದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿನಲ್ಲಿಡಬೇಕು. ಮೈ ತುಂಬಿಕೊಂಡಿರುವವರೆಲ್ಲರೂ ಪುಷ್ಟರಾಗಿರುತ್ತಾರೆಂಬ ನಂಬಿಕೆ ಸರಿಯಲ್ಲ. ಬೊಜ್ಜು ಮತ್ತು ರಕ್ತಹೀನತೆಗಳು ಒಂದೇ ಶರೀರದಲ್ಲಿ ಇರಬಲ್ಲವು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುವ 36 ವರ್ಷದ ಮಹಿಳೆಯೊಬ್ಬರು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಇಬ್ಬರು ಮಕ್ಕಳ ತಾಯಿ. ತೂಕ 71 ಕಿಲೋ. ರಕ್ತದೊತ್ತಡ ಸ್ವಲ್ಪ ಹೆಚ್ಚಾಗಿತ್ತು. "ಆಪರೇಷನ್ ಮಾಡಿಸಿಕೊಂಡ ಮೇಲೆ ಮೈ ಬಂತು" ಎಂದು ಹೇಳಿದರು. "ದಿನವೂ ಚೆನ್ನಾಗಿ ನಡೆಯಿರಿ, ಊಟದಲ್ಲಿ ಹಿಡಿತವಿರಲಿ" ಎಂದು ಹೇಳಿ ಕಳುಹಿಸಿದೆ. ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ರಾತ್ರಿ 11ಕ್ಕೆ ಮಲಗುತ್ತಿದ್ದವರು ಬೆಳಗಿನ ಜಾವ 4ಕ್ಕೆ ಎದ್ದು, ಒಂದು ದಿನವೂ ತಪ್ಪದೆ ನಡೆದರು. ಮೂರು ವಾರಗಳ ನಂತರ ತೂಕ 71.6 ಕಿಲೋ ಎಂದು ಯಂತ್ರ ತೋರಿಸಿತು. ಗಾಬರಿಗೊಂಡು ರಾತ್ರಿಯ ಊಟವನ್ನು ಬಿಟ್ಟರು, ಸಂಜೆಯೂ ನಡೆಯತೊಡಗಿದರು. ಐದನೆಯ ವಾರದಲ್ಲಿ ಬಸ್ ನಿಲ್ದಾಣದಲ್ಲಿ ತಲೆಸುತ್ತಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ನಮ್ಮಲ್ಲಿಗೇ ಬಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಗ್ರಾಂ. ಎಷ್ಟು ಹೊತ್ತು ನಿದ್ರೆ ಮಾಡುತ್ತೀರಿ ಎಂದು ನಾನು ಮೊದಲ ದಿನ ಕೇಳಿರಲಿಲ್ಲ, ರಕ್ತವನ್ನೂ ಪರೀಕ್ಷಿಸಿರಲಿಲ್ಲ. ವಾರಕ್ಕೆ ಎಷ್ಟು ದಿನ ನಡೆಯಬೇಕು, ಎಂದು ನಿಲ್ಲಿಸಬೇಕು ಎಂಬುದನ್ನಂತೂ ಹೇಳಿಯೇ ಇರಲಿಲ್ಲ.

ಆಪರೇಷನ್ನಿನ ಮಾತು ಬಂದದ್ದರಿಂದ ಇಲ್ಲಿಯೇ ಒಂದು ಸಂಶಯವನ್ನು ಪರಿಹರಿಸಿಬಿಡುವುದು ಒಳ್ಳೆಯದು. ಸಂತಾನ ನಿರೋಧ ಶಸ್ತ್ರಚಿಕಿತ್ಸೆಯಲ್ಲಿ ಗರ್ಭನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಅಂಡಾಶಯಗಳನ್ನು ಮುಟ್ಟುವುದಿಲ್ಲ; ಹಾರ್ಮೋನುಗಳ ಸ್ರಾವ ಮೊದಲಿನಂತೆಯೇ ನಡೆದಿರುತ್ತದೆ. ಆದುದರಿಂದ ಶಸ್ತ್ರಚಿಕಿತ್ಸೆಯಿಂದ ತೂಕ ಏರುವುದಿಲ್ಲ. ಬಾಣಂತನದ ತುಪ್ಪ, ತಿಂಗಳುಗಟ್ಟಲೆ ಮುಂದುವರಿಯುವ ಆರೈಕೆ, ಏರುತ್ತಿರುವ ವಯಸ್ಸು ಮತ್ತು ಕಡಿಮೆಯಾದ ಓಡಾಟ, ಇವುಗಳ ಫಲವನ್ನು ಜನರು ಆ ಸಣ್ಣ ಗಾಯದ ಗುರುತಿನ ಮೇಲೆ ಹೊರಿಸುತ್ತಾರೆ. ಪುರುಷರ ಶಸ್ತ್ರಚಿಕಿತ್ಸೆಗೂ ಇದೇ ಮಾತು ಅನ್ವಯಿಸುತ್ತದೆ.

ನಡಿಗೆಯ ಲೆಕ್ಕ

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳಷ್ಟು ಶಕ್ತಿ ಅಡಗಿರುತ್ತದೆ. 65–70 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 120 ಕ್ಯಾಲೊರಿ ವೆಚ್ಚವಾಗುತ್ತದೆ. ವಾರಕ್ಕೆ ಐದು ದಿನ ನಡೆದರೆ 600. ಈ ಲೆಕ್ಕದಂತೆ ನಡಿಗೆಯೊಂದರಿಂದಲೇ ಒಂದು ಕಿಲೋ ಇಳಿಯಬೇಕಾದರೆ ಹತ್ತಿರ ಹತ್ತಿರ 13 ವಾರಗಳು ಬೇಕು. ಅತ್ತ ಒಂದು ಮಸಾಲೆ ವಡೆ ಮತ್ತು ಸಕ್ಕರೆ ಹಾಕಿದ ಎರಡು ಲೋಟ ಕಾಫಿ ಆ ದಿನದ ನಡಿಗೆಯನ್ನೆಲ್ಲ ತೀರಿಸಿಬಿಡುತ್ತವೆ. ತೂಕದ ಇಳಿಕೆಯ ಹೆಚ್ಚಿನ ಭಾಗ ಆಗಬೇಕಾದದ್ದು ಅಡುಗೆಮನೆಯಲ್ಲಿ.

ಹಾಗಾದರೆ ವ್ಯಾಯಾಮವೇಕೆ ಎಂದು ನೀವು ಕೇಳಬಹುದು. ಆಹಾರವನ್ನು ಮಾತ್ರ ಕಡಿಮೆ ಮಾಡಿದಾಗ ದೇಹವು ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ. ವ್ಯಾಯಾಮವು ಸ್ನಾಯುವನ್ನು ಉಳಿಸುತ್ತದೆ. ಇಳಿದ ತೂಕ ಮತ್ತೆ ಏರದಂತೆ ತಡೆಯುವುದರಲ್ಲಿ ನೆರವಾಗುತ್ತದೆ. ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ತಗ್ಗಿಸುತ್ತದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ಈ ಲಾಭಗಳು ನಿಮಗೆ ದೊರೆತೇ ದೊರೆಯುತ್ತವೆ.

ಇನ್ನು, ವ್ಯಾಯಾಮವನ್ನು ಇಮ್ಮಡಿಗೊಳಿಸಿದರೆ ಇಳಿಕೆಯೂ ಇಮ್ಮಡಿಯಾಗುವುದೆಂದು ತಿಳಿಯಬಾರದು. ಬೆಳಿಗ್ಗೆ ಅತಿಯಾಗಿ ದಣಿದವರು ಉಳಿದ ದಿನವೆಲ್ಲ ತಮಗೆ ಅರಿವಿಲ್ಲದಂತೆಯೇ ಹೆಚ್ಚು ಕುಳಿತಿರುತ್ತಾರೆ, ಹೆಚ್ಚು ಉಣ್ಣುತ್ತಾರೆ. ದೇಹವೂ ತನ್ನ ಒಳಗಿನ ವೆಚ್ಚವನ್ನು ಸ್ವಲ್ಪ ಬಿಗಿಮಾಡಿಕೊಳ್ಳುತ್ತದೆ. ಟಾಂಜಾನಿಯಾ ದೇಶದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸುಗಳನ್ನು ಅಗೆದು ಬದುಕುವ ಹಾಡ್ಜಾ ಜನರ ಶಕ್ತಿವ್ಯಯವನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶರೀರದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ದಿನವಿಡೀ ನಡೆದಾಡುವ ಆ ಜನರ ಒಟ್ಟು ವೆಚ್ಚವು ಪಾಶ್ಚಾತ್ಯ ದೇಶಗಳವರ ವೆಚ್ಚಕ್ಕಿಂತ ಹೆಚ್ಚೇನೂ ಇರಲಿಲ್ಲ.

ವಾರಕ್ಕೆ ಎಷ್ಟು ದಿನ?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಶ್ರಮದ ವ್ಯಾಯಾಮವನ್ನು ಮಾಡಬೇಕು. ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿರಬೇಕು. ನಡೆಯುತ್ತಾ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಂತಿದ್ದರೆ ಅದು ಮಧ್ಯಮ ಶ್ರಮವೆಂದು ತಿಳಿಯಿರಿ. 150 ನಿಮಿಷಗಳನ್ನು ಒಂದೇ ದಿನ ಮುಗಿಸಬಹುದೇ ಎಂಬ ಪ್ರಶ್ನೆಯನ್ನು ಪಟ್ಟಣದ ನೌಕರರು ಕೇಳುವುದುಂಟು. ಬ್ರಿಟನ್ನಿನಲ್ಲಿ ಸುಮಾರು 90 ಸಾವಿರ ಮಂದಿಯ ಮಣಿಕಟ್ಟಿಗೆ ಮಾಪಕವನ್ನು ಕಟ್ಟಿ ಪಡೆದ ಮಾಹಿತಿಯನ್ನು 2023ರಲ್ಲಿ ಪ್ರಕಟಿಸಲಾಯಿತು. ವಾರದ ವ್ಯಾಯಾಮದ ಬಹುಭಾಗವನ್ನು ಒಂದೆರಡು ದಿನಗಳಲ್ಲೇ ಮುಗಿಸುವವರಲ್ಲಿಯೂ ಹೃದ್ರೋಗದ ಪ್ರಮಾಣ, ದಿನಗಳನ್ನು ಹಂಚಿಕೊಂಡವರಲ್ಲಿದ್ದಂತೆಯೇ ಕಡಿಮೆಯಾಗಿ ಕಂಡಿತು. ಆದುದರಿಂದ ಭಾನುವಾರ ಮಾತ್ರ ಬಿಡುವಿರುವವರು ನಿರಾಶರಾಗಬೇಕಿಲ್ಲ.

ಆದರೂ ದಿನಗಳನ್ನು ಹಂಚಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಒಮ್ಮೆ ವ್ಯಾಯಾಮ ಮಾಡಿದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಸ್ಥಿತಿ ಒಂದರಿಂದ ಮೂರು ದಿನಗಳವರೆಗೆ ಮಾತ್ರ ಉಳಿಯುತ್ತದೆ. ಮಧುಮೇಹಿಗಳು ಸತತವಾಗಿ ಎರಡು ದಿನಗಳಿಗಿಂತ ಹೆಚ್ಚು ಬಿಡುವು ಕೊಡಬಾರದೆಂದು ಹೇಳುವುದು ಇದಕ್ಕಾಗಿಯೇ. ಮನೆಯಲ್ಲಿ ಮಧುಮೇಹದ ವಂಶಪಾರಂಪರ್ಯವಿರುವವರೂ ಇದನ್ನೇ ಅನುಸರಿಸುವುದು ಕ್ಷೇಮ. ಸ್ನಾಯು ಬಲಪಡಿಸುವ ವ್ಯಾಯಾಮಕ್ಕಾದರೋ ನಿಯಮ ಬೇರೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ಒತ್ತುವುದು, ನೀರು ತುಂಬಿದ ಬಾಟಲಿಯನ್ನು ಎತ್ತಿಳಿಸುವುದು ಮುಂತಾದವುಗಳಲ್ಲಿ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಗಾಸಿಯುಂಟಾಗುತ್ತದೆ. ಅವು ದುರಸ್ತಿಗೊಂಡು ಬಲಗೊಳ್ಳುವುದು ವ್ಯಾಯಾಮದ ಹೊತ್ತಿನಲ್ಲಲ್ಲ, ವಿಶ್ರಾಂತಿಯ ಹೊತ್ತಿನಲ್ಲಿ. ಒಂದೇ ಗುಂಪಿನ ಸ್ನಾಯುಗಳಿಗೆ ಎರಡು ಸರದಿಗಳ ನಡುವೆ ಸುಮಾರು 48 ಗಂಟೆಗಳ ಬಿಡುವಿರಲಿ.

ಹೊಸದಾಗಿ ಆರಂಭಿಸುವವರಿಗೆ ನಾನು ಈಗ ಸೂಚಿಸುವ ಕ್ರಮ ಇದು: ವಾರಕ್ಕೆ ಐದು ದಿನ ತಲಾ 30 ನಿಮಿಷಗಳ ನಡಿಗೆ, ಆ ಐದು ದಿನಗಳಲ್ಲಿ, ನಡುವೆ ಅಂತರವಿರುವ ಎರಡು ದಿನ, ನಡಿಗೆಯ ನಂತರ ಹತ್ತು ಹದಿನೈದು ನಿಮಿಷ ಬಲವರ್ಧಕ ವ್ಯಾಯಾಮ, ಉಳಿದ ಎರಡು ದಿನ ಬಿಡುವು, ಆದರೆ ಅವು ಒಂದರ ಮೇಲೊಂದು ಬಾರದಂತೆ. ಮೊದಲ ಎರಡು ವಾರ 15 ನಿಮಿಷಗಳಿಂದ ಆರಂಭಿಸಿದರೂ ಸಾಕು. ಬಿಡುವಿನ ದಿನವೆಂದರೆ ದೂರದರ್ಶನದ ಮುಂದೆ ಮಲಗುವ ದಿನವಲ್ಲ. ಸಂತೆಗೆ ಹೋಗಿಬರುವುದು, ಹಿತ್ತಲಿನ ಗಿಡಗಳಿಗೆ ನೀರು ಹಾಕುವುದು ಎಂದಿನಂತೆ ನಡೆಯಲಿ.

ಮನೆಗೆಲಸವೇ ಸಾಲದೇ ಎಂದು ಗೃಹಿಣಿಯರು ಕೇಳುತ್ತಾರೆ. ರಾಗಿ ಬೀಸಿ, ಬಾವಿಯಿಂದ ನೀರು ಸೇದುತ್ತಿದ್ದ ಕಾಲದಲ್ಲಿ ಸಾಕಾಗುತ್ತಿತ್ತು. ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಮನೆಗೆಲಸದಲ್ಲಿ ನಿಂತುಕೊಂಡು ಸವೆಯುವುದು ಹೆಚ್ಚು, ಉಸಿರು ಏರುವುದು ಕಡಿಮೆ. ಇದಕ್ಕೆ ವಿರುದ್ಧವಾಗಿ, ದಿನವಿಡೀ ನಾಟಿ, ಕಳೆ ಕೀಳುವುದು, ಹೊರೆ ಹೊರುವುದು ಮಾಡುವ ಕೂಲಿಕಾರರಿಗೆ ಪ್ರತ್ಯೇಕ ನಡಿಗೆಯ ಅಗತ್ಯವಿಲ್ಲ. ಅವರಿಗೆ ಬೇಕಾದದ್ದು ಹೊತ್ತಿಗೆ ಸರಿಯಾದ ಊಟ ಮತ್ತು ಬಿಡುವು.

ನಿದ್ರೆ

ಬೆಳಗಿನ ನಡಿಗೆಗಾಗಿ ನಿದ್ರೆಯನ್ನು ಕತ್ತರಿಸುವುದು ಲಾಭವಿಲ್ಲದ ವ್ಯಾಪಾರ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಧಿಕ ತೂಕದ 10 ಮಂದಿಗೆ ಮಿತಾಹಾರ ಕೊಟ್ಟು, ಎರಡು ವಾರ ರಾತ್ರಿ ಎಂಟೂವರೆ ಗಂಟೆಗಳ ಕಾಲವೂ, ಮತ್ತೆರಡು ವಾರ ಐದೂವರೆ ಗಂಟೆಗಳ ಕಾಲವೂ ಹಾಸಿಗೆಯಲ್ಲಿರಲು ಅವಕಾಶ ಕೊಟ್ಟರು. ಎರಡು ಅವಧಿಗಳಲ್ಲಿಯೂ ತೂಕ ಸುಮಾರು 3 ಕಿಲೋ ಇಳಿಯಿತು. ಆದರೆ ಹೆಚ್ಚು ನಿದ್ರಿಸಿದಾಗ ಅದರಲ್ಲಿ ಕೊಬ್ಬು 1.4 ಕಿಲೋ, ಕಡಿಮೆ ನಿದ್ರಿಸಿದಾಗ 0.6 ಕಿಲೋ ಮಾತ್ರ. ಉಳಿದದ್ದು ಕೊಬ್ಬಲ್ಲದ, ದೇಹಕ್ಕೆ ಬೇಕಾದ ಅಂಶ. ಹಸಿವೂ ಕಡಿಮೆ ನಿದ್ರೆಯ ಅವಧಿಯಲ್ಲಿಯೇ ಹೆಚ್ಚಾಗಿತ್ತು. ಅಧ್ಯಯನ ಚಿಕ್ಕದೇ ಆದರೂ ದಿನನಿತ್ಯ ನಾವು ಕಾಣುವುದಕ್ಕೆ ಅದು ಹೊಂದುತ್ತದೆ. ವಯಸ್ಕರಿಗೆ ಕನಿಷ್ಠ 7 ಗಂಟೆಗಳ ನಿದ್ರೆ ಬೇಕು.

ಹೆಂಗಸರ ವಿಷಯದಲ್ಲಿ ಇದು ಹೇಳಿದಷ್ಟು ಸುಲಭವಲ್ಲವೆಂದು ಬಲ್ಲೆ. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವರು ಅವರೇ. ಆದುದರಿಂದ ಈ ಪುಟವನ್ನು ಮನೆಯ ಗಂಡಸರೂ ಓದಬೇಕು. ರಾತ್ರಿಯ ಪಾತ್ರೆಗಳನ್ನು ಬೇರೆ ಯಾರಾದರೂ ತೊಳೆದಿಟ್ಟರೆ ತಾಯಿಗೆ ಅರ್ಧ ಗಂಟೆಯ ನಿದ್ರೆ ದೊರೆಯುತ್ತದೆ. ಇದನ್ನು ನಾನು ಔಷಧಿಯ ಚೀಟಿಯಲ್ಲಿಯೇ ಬರೆದುಕೊಟ್ಟದ್ದುಂಟು.

ತೂಕದ ಯಂತ್ರ ಹೇಳುವುದೇನು?

ಮೇಲೆ ಹೇಳಿದ ಮಹಿಳೆಯ ತೂಕ ಮೂರು ವಾರಗಳಲ್ಲಿ 600 ಗ್ರಾಂ ಏರಿದ್ದೇಕೆ? ಕೊಬ್ಬು ಬೆಳೆದದ್ದರಿಂದ ಆಗಿರಲಾರದು. ಅಭ್ಯಾಸವಿಲ್ಲದ ಶ್ರಮದಿಂದ ಸ್ನಾಯುಗಳು ಸ್ವಲ್ಪ ಊದಿಕೊಂಡು ನೀರನ್ನು ಹಿಡಿದಿಡುತ್ತವೆ. ವ್ಯಾಯಾಮಕ್ಕೆ ಒಗ್ಗಿಕೊಳ್ಳುತ್ತಿರುವ ಸ್ನಾಯು ಹೆಚ್ಚು ಗ್ಲೈಕೋಜನ್ ಎಂಬ ಪಿಷ್ಟವನ್ನು ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ನಿನೊಡನೆ ಸುಮಾರು 3 ಗ್ರಾಂ ನೀರು ಸೇರಿರುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿಯೂ ಶರೀರದಲ್ಲಿ ನೀರು ನಿಂತು ತೂಕ ಅರ್ಧ ಕಿಲೋ, ಒಂದು ಕಿಲೋ ಏರುವುದು ಸಾಮಾನ್ಯ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳಗಳು ಹೆಚ್ಚಾಗಿದ್ದರೂ ಹೀಗಾಗುತ್ತದೆ. ಒಳಗೆ ಕೊಬ್ಬು ನಿಧಾನವಾಗಿ ಕರಗುತ್ತಿದ್ದರೂ ಈ ನೀರು ಅದನ್ನು ವಾರಗಟ್ಟಲೆ ಮರೆಮಾಡಬಲ್ಲದು.

ಆದುದರಿಂದ ವಾರಕ್ಕೆ ಒಂದೇ ಬಾರಿ, ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ಏನನ್ನೂ ತಿನ್ನುವ ಮೊದಲು, ಒಂದೇ ಯಂತ್ರದಲ್ಲಿ ತೂಕ ನೋಡಿ ಬರೆದಿಡಿ. ಈ ವಾರವನ್ನು ಕಳೆದ ವಾರದೊಡನೆ ಹೋಲಿಸದೆ, ಈ ತಿಂಗಳ ನಾಲ್ಕು ತೂಕಗಳ ಸರಾಸರಿಯನ್ನು ಹಿಂದಿನ ತಿಂಗಳ ಸರಾಸರಿಯೊಡನೆ ಹೋಲಿಸಿ. ಸೊಂಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಅಳೆಯಿರಿ. ಭಾರತೀಯರಲ್ಲಿ ಇದು ಮಹಿಳೆಯರಿಗೆ 80 ಸೆಂಟಿಮೀಟರ್, ಪುರುಷರಿಗೆ 90 ಸೆಂಟಿಮೀಟರ್ ಮೀರಬಾರದು. ಎರಡು ತಿಂಗಳಾದರೂ ಎರಡು ಅಳತೆಗಳೂ ಕದಲದಿದ್ದರೆ ಮೊದಲು ತಿನ್ನುವುದರ ಲೆಕ್ಕ ನೋಡಿ, ಆಮೇಲೆ ನಿದ್ರೆಯ ಲೆಕ್ಕ. ನಡಿಗೆಯ ನಿಮಿಷಗಳನ್ನು ಹೆಚ್ಚಿಸುವುದು ಕೊನೆಯ ಮಾತು.

ಆ ಮಹಿಳೆಗೆ ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟು ಆರು ವಾರ ವ್ಯಾಯಾಮವನ್ನೇ ನಿಲ್ಲಿಸಲು ಹೇಳಿದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು. ಆನಂತರ ಮೇಲಿನ ಕ್ರಮದಂತೆ, ಜಾವದಲ್ಲಿ ಏಳದೆ, ಕಾರ್ಖಾನೆಯಿಂದ ಬರುವಾಗ ಎರಡು ನಿಲ್ದಾಣ ಮೊದಲೇ ಬಸ್ಸಿನಿಂದ ಇಳಿದು ನಡೆದರು. ರಾತ್ರಿ ಅರ್ಧ ಮುದ್ದೆ, ಹೆಚ್ಚು ಸೊಪ್ಪುಸಾರು ಮತ್ತು ಕಾಳು ಉಣ್ಣತೊಡಗಿದರು. ಆರು ತಿಂಗಳಿಗೆ ತೂಕ 66.5 ಕಿಲೋ. ಹಿಮೋಗ್ಲೋಬಿನ್ 11.8 ಗ್ರಾಂ. ಎರಡನೆಯ ಅಂಕೆಯೇ ನನಗೆ ಹೆಚ್ಚು ಸಂತೋಷ ಕೊಟ್ಟಿತು.

ಕೆಲವು ಎಚ್ಚರಿಕೆಗಳು: ಜ್ವರವಿರುವಾಗ ವ್ಯಾಯಾಮ ಕೂಡದು, ಗುಣವಾದ ಮೇಲೆ ಅರ್ಧ ಪ್ರಮಾಣದಿಂದ ಆರಂಭಿಸಬೇಕು. ಸಿಸೇರಿಯನ್ ಹೆರಿಗೆಯಾದವರು ವೈದ್ಯರನ್ನು ಕೇಳದೆ ಹೊಟ್ಟೆಯ ವ್ಯಾಯಾಮಗಳನ್ನು ಆರಂಭಿಸಬಾರದು. ಎದೆಹಾಲುಣಿಸುವ ತಾಯಂದಿರು ನಡೆಯಬಹುದು, ಉಪವಾಸ ಮಾಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯ ಪೊಟ್ಟಣವನ್ನು ಇಟ್ಟುಕೊಂಡೇ ಹೊರಡಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ಎಂದಿಗಿಂತ ಹೆಚ್ಚು ಉಸಿರು ಕಟ್ಟಿದರೆ ಅಥವಾ ಕಣ್ಣು ಕತ್ತಲಿಟ್ಟರೆ ಅಲ್ಲಿಯೇ ನಿಂತು ಸಹಾಯ ಕೇಳಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. 30 ವರ್ಷ ಮೀರಿದವರು ವ್ಯಾಯಾಮವನ್ನು ಆರಂಭಿಸುವ ಮುನ್ನ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ವೈದ್ಯಾಧಿಕಾರಿಯು ನಿಮ್ಮ ನಿದ್ರೆಯ ವಿಷಯವನ್ನು ಕೇಳದಿದ್ದರೆ ನೀವಾಗಿಯೇ ಹೇಳಿ.