ಮುಸುಕಿನ ಜೋಳವೂ ಪೈನ್ ಮರವೂ: ಕಾಳು ಕಟ್ಟುವ ಬಗೆ

ಅಂಬ್ಲಿಗೊಳ ಜಲಾಶಯದ ಆಸುಪಾಸಿನಲ್ಲಿಯೂ, ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಇತರ ಖುಷ್ಕಿ ಹೊಲಗಳಲ್ಲಿಯೂ ಮುಸುಕಿನ ಜೋಳ ಬೆಳೆಯುವ ರೈತರು ಬಹಳ. ತೆನೆ ಸುಲಿದಾಗ ತುದಿ ಬೋಳಾಗಿರುವುದು, ನಡುನಡುವೆ ಕಾಳು ಇಲ್ಲದಿರುವುದು ಅನೇಕರು ಕಂಡ ಸಂಗತಿ. ಬೀಜ ಸರಿಯಿಲ್ಲ, ಗೊಬ್ಬರ ಸಾಲಲಿಲ್ಲ ಎಂದು ಹೇಳುವುದುಂಟು. ಅವೂ ಕಾರಣವಾಗಬಹುದು. ಆದರೆ ಹೂ ಬಿಡುವ ಒಂದು ವಾರದಲ್ಲಿ ಆದ ನಷ್ಟವನ್ನು ಗಮನಿಸುವವರು ಕಡಿಮೆ. ಅದನ್ನು ತಿಳಿಯಲು, ಹೂವೇ ಬಿಡದ ಮರವೊಂದರೊಡನೆ ಈ ಬೆಳೆಯನ್ನು ಹೋಲಿಸಿ ನೋಡಬಹುದು.

ಊಟಿಗೆ ಹೋದವರು ಪೈನ್ ಮರಗಳನ್ನು ನೋಡಿರುತ್ತಾರೆ. ಅದು ಶಂಕುಧಾರಿ ಮರ. (ನಮ್ಮ ಗಾಳಿಮರವೂ ಹಾಗೆಯೇ ಕಾಣುತ್ತದೆ, ಪುಟ್ಟ ಶಂಕುವಿನಂತಹ ಕಾಯಿಯನ್ನೂ ಬಿಡುತ್ತದೆ, ಆದರೆ ಅದು ಹೂ ಬಿಡುವ ಜಾತಿಯದೇ.) ಪೈನ್ ಮರಕ್ಕೂ ಜೋಳಕ್ಕೂ ಒಂದು ಸಾಮ್ಯವಿದೆ. ಎರಡರಲ್ಲಿಯೂ ಗಂಡು ಭಾಗ ಬೇರೆ, ಹೆಣ್ಣು ಭಾಗ ಬೇರೆ. ಪರಾಗವನ್ನು ಒಯ್ಯುವುದು ಗಾಳಿ.

ವ್ಯತ್ಯಾಸವಿರುವುದು ಹೆಣ್ಣು ಭಾಗದಲ್ಲಿ. ಪೈನ್ ಶಂಕುವಿನ ಹಲ್ಲೆಗಳ ಮೇಲೆ ಅಂಡಕಗಳು ಬರಿದಾಗಿ ಕುಳಿತಿರುತ್ತವೆ. ಅವುಗಳ ಬಾಯಲ್ಲಿ ಜಿನುಗುವ ಹನಿಗೆ ಪರಾಗ ಅಂಟಿ ಒಳಸೇರುತ್ತದೆ. ಅಲ್ಲಿಂದ ಗರ್ಭ ಕಟ್ಟಲು ಸುಮಾರು ಒಂದು ವರ್ಷ ಬೇಕು. ಹತ್ತಾರು ವರ್ಷ ಬಾಳುವ ಮರಕ್ಕೆ ಈ ನಿಧಾನ ಭಾರವಲ್ಲ.

ಜೋಳದ ಕಾಳಿಗಾದರೋ ಮುಸುಕು ಒಂದೇ ಹೊದಿಕೆಯಲ್ಲ. ಪ್ರತಿ ಅಂಡಕವೂ ತನ್ನದೇ ಅಂಡಾಶಯದೊಳಗೆ ಮುಚ್ಚಿಕೊಂಡಿರುತ್ತದೆ. ಅದರ ಗೋಡೆಯೇ ಮುಂದೆ ಕಾಳಿನ ಹೊರಸಿಪ್ಪೆ. ಒಳಹೋಗಲು ಇರುವ ದಾರಿ ರೇಷ್ಮೆಯಂತಹ ಆ ಎಳೆ ಮಾತ್ರ. ಒಂದು ಎಳೆಗೆ ಒಂದು ಕಾಳು. ಎಳೆಯ ಮೇಲೆ ಬಿದ್ದ ಪರಾಗ ಮೊಳೆತು, ಎಳೆಯುದ್ದಕ್ಕೂ ನಾಳವನ್ನು ಬೆಳೆಸಿ, ಸುಮಾರು ಒಂದು ದಿನದೊಳಗೆ ಅಂಡಕವನ್ನು ಮುಟ್ಟಬೇಕು. ಆ ಬಳಿಕವೇ ಕಾಳಿನ ಹಿಟ್ಟಿನ ಭಾಗ ಕಟ್ಟತೊಡಗುವುದು. ಅದರಲ್ಲಿ ಗಂಡಿನ ಪಾಲೂ ಇರುತ್ತದೆ. ಬಿಳಿ ಜೋಳದ ತೆನೆಯಲ್ಲಿ ಪಕ್ಕದ ಹೊಲದ ಹಳದಿ ಕಾಳು ಅದೇ ಹಂಗಾಮಿನಲ್ಲಿ ಮೂಡುವುದು ಇದರಿಂದಲೇ. ಪೈನ್ ಬೀಜದ ಆಹಾರಭಾಗ ಪೂರ್ತಿ ತಾಯಿಯದು.

ತೇವ ಕಡಿಮೆಯಾದರೆ ಸೂಲಂಗಿ ಸಕಾಲಕ್ಕೆ ಬಂದರೂ ಎಳೆಗಳು ತಡವಾಗುತ್ತವೆ, ಬಂದವೂ ಬೇಗ ಒಣಗುತ್ತವೆ. ತೆನೆಯ ತುದಿಯ ಎಳೆಗಳು ಎಲ್ಲಕ್ಕಿಂತ ಕೊನೆಗೆ ಹೊರಬರುವುದರಿಂದ ಅವಕ್ಕೆ ಪರಾಗವೇ ಸಿಗದೆ ಹೋಗಬಹುದು. ಆದ್ದರಿಂದ ಬಿತ್ತಿದ 50-60 ದಿನಗಳ ಸುಮಾರಿಗೆ, ಸೂಲಂಗಿ ಹೊರಡುವಾಗ ಮಳೆ ಕೈಕೊಟ್ಟರೆ, ಬಾವಿ ಅಥವಾ ಕೃಷಿಹೊಂಡದ ನೀರು ಇರುವವರು ಆಗಲೇ ಒಂದು ನೀರು ಹಾಯಿಸತಕ್ಕದ್ದು. ಬೇರೆ ಹಂತದಲ್ಲಿ ಕೊಟ್ಟ ಎರಡು ನೀರೂ ಇದಕ್ಕೆ ಸಮವಾಗದು. ದನಗಳ ಮೇವಿಗೆಂದು ಸೂಲಂಗಿ ಮುರಿಯುವವರು ಎಳೆಗಳು ಕಂದು ಬಣ್ಣಕ್ಕೆ ತಿರುಗುವ ತನಕ ತಡೆಯಬೇಕು.

ಎಳೆ ಬಂದು ವಾರ ಕಳೆದ ಮೇಲೆ ಒಂದೆರಡು ತೆನೆ ಕಿತ್ತು, ಮುಸುಕನ್ನು ಮೆಲ್ಲಗೆ ಬಿಡಿಸಿ ಕೊಡವಿ ನೋಡಬಹುದು. ಕಾಳು ಕಟ್ಟಿದೆಡೆ ಎಳೆ ಉದುರುತ್ತದೆ. ಕಟ್ಟದೆಡೆ ಅಂಟಿಕೊಂಡೇ ಉಳಿಯುತ್ತದೆ.