ಬುಡದಲ್ಲಿ ಅಣಬೆ ಕಂಡರೆ

ಮನೆ ಮುಂದಿನ ಹಳೆಯ ಮರದ ಬುಡದಲ್ಲಿ ಒಂದು ಮಳೆಗಾಲ ತಟ್ಟೆಯಂಥ ಕಂದು ಅಣಬೆ ಮೂಡುತ್ತದೆ. ಅಂಚು ಬಿಳಿ, ಮೈಯೆಲ್ಲ ವಾರ್ನಿಷ್ ಬಳಿದಂಥ ಹೊಳಪು. ಮನೆಯವರು ಕಿತ್ತೆಸೆದು ನಿರಾಳವಾಗುತ್ತಾರೆ. ಆದರೆ ಶಿಲೀಂಧ್ರದ ಎಳೆಗಳು ಎಷ್ಟೋ ಮೊದಲೇ ಒಳಗಿನ ಕಟ್ಟಿಗೆ ಹೊಕ್ಕಿರುತ್ತವೆ.

ಹಾಗೆಂದು ಕೂಡಲೇ ಕೊಡಲಿ ಎತ್ತಬೇಕಿಲ್ಲ. ಸಾವಿರಾರು ಮರಗಳನ್ನು ಸೀಳಿ ನೋಡಿದ ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೋ ಕಂಡುಕೊಂಡದ್ದಿದು: ಮರ ಗಾಯವನ್ನು ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಒಳಗೇ ಕೂಡಿಹಾಕುತ್ತದೆ. ಪೊಟರೆಯನ್ನು ಹಸಿ ಕಟ್ಟಿಗೆ ಕಾಣುವವರೆಗೆ ಕೆರೆದರೆ ಒಡೆಯುವುದು ಆ ಗೋಡೆಯೇ. ಸಿಮೆಂಟ್ ತುಂಬುವುದೂ ಬೇಡ. ಗಾಳಿಗೆ ಮರ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ಬಿರುಕಿನಲ್ಲಿ ನೀರು ನಿಲ್ಲುತ್ತದೆ.

ಹೌರಾದ ಸಸ್ಯೋದ್ಯಾನದ ಮಹಾ ಆಲಕ್ಕೆ 1864 ಮತ್ತು 1867ರ ಚಂಡಮಾರುತಗಳಲ್ಲಿ ಪೆಟ್ಟಾಗಿ, ಶಿಲೀಂಧ್ರ ಹತ್ತಿತು. 1925ರಲ್ಲಿ ಮೂಲ ಕಾಂಡವನ್ನೇ ಕಡಿದು ತೆಗೆದರು. ಮರ ಇಂದಿಗೂ ಬಿಳಲುಗಳ ಮೇಲೆ ನಿಂತಿದೆ. ಬೆಂಗಳೂರಿನ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರವೂ ರೋಗಕ್ಕೆ ಮೂಲ ಕಾಂಡ ಕಳೆದುಕೊಂಡು ಹಾಗೆಯೇ ಬದುಕಿದೆ.

ಈ ಭಾಗ್ಯ ಮಾವಿಗಿಲ್ಲ, ಮಳೆಮರಕ್ಕಿಲ್ಲ. ಅವುಗಳ ಬುಡ ಟೊಳ್ಳಾದರೆ ಬೀಳುವ ಭಯ ನಿಜವಾದದ್ದು. ಮರದ ಸುತ್ತಿಗೆಯಿಂದ ಕಾಂಡದ ಸುತ್ತ ತಟ್ಟಿದರೆ ಗಟ್ಟಿ ಕಟ್ಟಿಗೆಯ ದನಿಯೇ ಬೇರೆ, ಟೊಳ್ಳಿನದೇ ಬೇರೆ. ಟೊಳ್ಳು ಕೇಳಿಸಿದರೆ, ಬೇರಿನ ಬಳಿ ನೆಲ ಬಿರಿದಿದ್ದರೆ, ಮಳೆಗಾಲಕ್ಕೆ ಮೊದಲೇ ಬಲ್ಲವರನ್ನು ಕರೆಸಿ ಕೊಂಬೆಗಳ ಭಾರ ಇಳಿಸಬೇಕು. ಕೊಂಬೆಯ ಬುಡದ ಉಬ್ಬನ್ನು ಉಳಿಸಿ, ಅದರ ಹೊರಗೆ ಕೊಯ್ಯಬೇಕು. ಬುಡಕ್ಕೆ ಒತ್ತಿ ಹಾಕಿದ ಕಾಂಕ್ರೀಟನ್ನು ಬೇರಿಗೆ ಪೆಟ್ಟಾಗದಂತೆ ಬಿಡಿಸಬೇಕು.